ಸೋಮಮ್ಮನ ದವಡೆ

ಹರದನಹಳ್ಳಿಯ ರಂಗಸ್ವಾಮಿಗೆ ಬಾಯಿಗಿಂತ ಕೈ ಮುಂದು. ಊರಿನವರು ಇದನ್ನು ಹೊಗಳುವಾಗಲೂ ಹೇಳುತ್ತಿದ್ದರು, ಬೈಯುವಾಗಲೂ ಹೇಳುತ್ತಿದ್ದರು. ಮೀಸೆ ಚಿಗುರುವ ವಯಸ್ಸಿಗೇ ಅಣ್ಣನ ಜೊತೆ ಕರಿಕಲ್ಲು ಕ್ವಾರಿ ಸೇರಿದವನು. ಇಬ್ಬರದೂ ಸಮ್ಮಟಿ ಬೀಸುವ ಕೆಲಸ. ಒಂದು ಬೆಳಿಗ್ಗೆ, ಹಿಂದಿನ ದಿನದ ಸಿಡಿತಕ್ಕೆ ಸಡಿಲವಾಗಿದ್ದ ಚಪ್ಪಡಿಯೊಂದು ಮೇಲಿಂದ ಜಾರಿ ಬಂದು ಅಣ್ಣನನ್ನು ಸೊಂಟದ ತನಕ ಅರೆದುಹಾಕಿತು. ಕ್ರೇನು ಬರುವವರೆಗೂ ಅಣ್ಣನಿಗೆ ಎಚ್ಚರವಿತ್ತು, ಕುಡಿಯಲು ನೀರು ಕೇಳಿದ. ಕಲ್ಲು ಎತ್ತಿದ ಕೂಡಲೇ ಪ್ರಾಣ ಹೋಯಿತು. ಹೆಣ ಟೆಂಪೋ ಹತ್ತುವ ಮೊದಲೇ ಮೇಸ್ತ್ರಿ ಉಳಿದವರಿಗೆ ಕೆಲಸಕ್ಕೆ ಇಳಿಯಲು ಹೇಳಿದ. ರಂಗಸ್ವಾಮಿ ಒಂದೇ ಗುದ್ದಿಗೆ ಅವನ ಮೂಗಿನ ಮೂಳೆ ಮುರಿದ. ಮೇಸ್ತ್ರಿಯ ಕಡೆಯವರು ಸಾಯಂಕಾಲ ಅವನನ್ನು ಲಾರಿಯ ಹಿಂಬದಿಗೆ ಕಟ್ಟಿ, ಪಕ್ಕೆಲುಬು ಮುರಿಯುವಂತೆ ಬಡಿದರು. ವಾಸಿಯಾದ ಮೇಲೆ ಇನ್ನೊಂದು ಕ್ವಾರಿಗೆ ಹೋಗಿ ಮತ್ತೆ ಸಮ್ಮಟಿ ಹಿಡಿದ. ಬೇರೆ ಕೆಲಸ ಅವನಿಗೆ ಬರುತ್ತಿರಲಿಲ್ಲ.

ಹೆಂಡತಿ ಸೋಮಮ್ಮ ಗುಂಡ್ಲುಪೇಟೆ ಕಡೆಯ ಭೀಮನಬೀಡಿನವಳು. ಅರಿಶಿನ ಕೀಳುವುದು, ಕಳೆ ತೆಗೆಯುವುದು, ಯಾರ ಹೊಲದಲ್ಲಾದರೂ ಸರಿ, ಗಂಡಸರ ಸಮಕ್ಕೆ ಸಾಲು ಮುಗಿಸುತ್ತಿದ್ದಳು. ರಂಗಸ್ವಾಮಿ ಅವಳ ಮೇಲೂ ಕೈ ಮಾಡುತ್ತಿದ್ದ. ಅವಳೂ ಸುಮ್ಮನಿರುವವಳಲ್ಲ, ಒಮ್ಮೆ ಮುದ್ದೆ ಕೋಲು ತಿರುಗಿಸಿ ಅವನ ಮೊಣಕೈ ವಾರಗಟ್ಟಲೆ ಊದಿಕೊಂಡಿರುವಂತೆ ಬಾರಿಸಿದ್ದಳು. ಅವರ ಮನೆಯ ಜಗಳ ಬೀದಿಗೆ ಕೇಳಿಸುತ್ತಿತ್ತು, ಬಿಡಿಸಲು ಯಾರೂ ಬರುತ್ತಿರಲಿಲ್ಲ.

ಇದ್ದವಳು ಒಬ್ಬಳೇ ಮಗಳು, ಮೇಘನಾ. ಅವಳು ಪಿಯುಸಿ ಓದುತ್ತಿದ್ದಾಗ ರಂಗಸ್ವಾಮಿ ಅವಳನ್ನು ಚಂದಕವಾಡಿಯಲ್ಲಿದ್ದ ಅಕ್ಕನ ಮಗನಿಗೆ ಕೊಡುವುದಾಗಿ ಮಾತು ಕೊಟ್ಟು ಬಂದ. ಸೋಮಮ್ಮ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತಳು.

"ನನ್ ಮಗ್ಳು ಓದ್ಲಿ. ನಿಮ್ಮಕ್ಕನ್ ಮಗನ್ಗೆ ಬ್ಯಾರೆ ಎಣ್ ನೋಡ್ಕಳಿ."

ಅವನು ಬಲಗೈ ಮುಷ್ಟಿ ಕಟ್ಟಿ ಬೀಸಿದ. ಏಟು ಅವಳ ಎಡದವಡೆಗೆ ಬಿತ್ತು. ಅವಳು ಬಾಗಿಲ ಕಂಬಕ್ಕೆ ತಗುಲಿ ಕುಸಿದಳು, ಬಾಯಿಂದ ರಕ್ತದ ಜೊತೆ ಹಲ್ಲಿನ ಚೂರು ಬಂತು. ಆದರೆ ಬಾಗಿಲು ಬಿಡಲಿಲ್ಲ. ಮದುವೆಯ ಮಾತು ಅಲ್ಲಿಗೇ ನಿಂತಿತು. ಮೇಘನಾ ಡಿಗ್ರಿ ಮುಗಿಸಿ ಬದನಗುಪ್ಪೆಯ ಫ್ಯಾಕ್ಟರಿಯೊಂದಕ್ಕೆ ಸೇರಿದಳು.

ಮುರಿದ ದವಡೆಹಲ್ಲಿನ ಬುಡ ಮಾತ್ರ ಸೋಮಮ್ಮನ ಬಾಯಲ್ಲೇ ಉಳಿಯಿತು. ಅದರ ಮೊನೆ ಕೆನ್ನೆಯ ಒಳಗೆ ಉಜ್ಜುತ್ತಿತ್ತು, ನೋಯುತ್ತಿತ್ತು. ಮೊದಲೆಲ್ಲ ಊಟವಾದ ಮೇಲೆ ಎಲೆಯಡಿಕೆ ಜೊತೆ ಒಂದು ಚಿಟಿಕೆ ಹೊಗೆಸೊಪ್ಪು ಹಾಕುತ್ತಿದ್ದವಳು ಈಗ ನೋವು ಮಂಕಾಗಲೆಂದು ಅದನ್ನು ಹಗಲೂ ರಾತ್ರಿ ಅದೇ ಸಂದಿಗೆ ಒತ್ತಿಕೊಳ್ಳತೊಡಗಿದಳು. ಮಲಗುವಾಗಲೂ ಅದು ಅಲ್ಲೇ ಇರುತ್ತಿತ್ತು.

ಕೆಲವು ವರ್ಷದ ಮೇಲೆ ಆ ಜಾಗದಲ್ಲಿ ಬಿಳಿ ಮಚ್ಚೆ ಎದ್ದಿತು, ಆಮೇಲೆ ಹುಣ್ಣಾಯಿತು. ಯಾರೋ ಹೇಳಿದ ಸೊಪ್ಪಿನ ರಸ ಹಚ್ಚಿಸಿ ರಂಗಸ್ವಾಮಿ ಕೆನ್ನೆ ಸುಡಿಸಿದ. ಬಾಯಿ ಎರಡು ಬೆರಳು ಹೋಗುವಷ್ಟೂ ತೆರೆಯದಾದಾಗ ಮೇಘನಾ ಅಪ್ಪನ ಮಾತು ಕೇಳದೆ ಅವ್ವನನ್ನು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಕ್ಯಾನ್ಸರ್ ಅಂದರು. ಎಡದವಡೆಯನ್ನೇ ಕೊಯ್ದು ತೆಗೆಯಬೇಕು ಅಂದರು.

ಆಪರೇಷನ್ನಿನ ಹಿಂದಿನ ದಿನ ರಂಗಸ್ವಾಮಿ ಸ್ಕ್ಯಾನಿಂಗ್ ಕೋಣೆಯವನ ಕುತ್ತಿಗೆ ಪಟ್ಟಿ ಹಿಡಿದು, ಸೆಕ್ಯುರಿಟಿಯವರಿಂದ ಏಟು ತಿಂದು ಗೇಟಿನ ಹೊರಗೆ ಕೂತಿದ್ದ. ಒಳಗೆ ವಾರ್ಡಿನಲ್ಲಿ ಏನು ನಡೆಯಿತೆಂಬುದು ಅವನಿಗೆ ಬಹಳ ಕಾಲ ಗೊತ್ತಾಗಲಿಲ್ಲ.

ಕೊಯ್ದ ಮೇಲೆ ಸೋಮಮ್ಮನ ಮುಖ ಅರ್ಧ ಉಳಿಯಿತು. ಮಾತು ಗೊರಗೊರ ಸದ್ದಾಯಿತು. ಮೂಗಿಗೆ ಹಾಕಿದ ಪೈಪಿನಲ್ಲಿ ಗಂಜಿ ಇಳಿಸಬೇಕಿತ್ತು. ನರಕ್ಕೆ ಔಷಧಿ ಹರಿಸಿದರು, ಕರೆಂಟು ಅಂದರೆ ವಿಕಿರಣ ಕೊಟ್ಟರು. ತಿಂಗಳುಗಳೊಳಗೆ ರೋಗ ಕುತ್ತಿಗೆಯಲ್ಲಿ ಮತ್ತೆ ಎದ್ದು ಬಂತು, ಚರ್ಮ ಸೀಳಿಕೊಂಡು ಹೊರಗೆ ಹೂಕೋಸಿನ ಹಾಗೆ ಅರಳಿತು. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದರು.

ಒಂದು ಮಧ್ಯಾಹ್ನ ಮನೆಯಲ್ಲಿ ರಂಗಸ್ವಾಮಿ ಅವಳನ್ನು ಎದೆಗೆ ಒರಗಿಸಿಕೊಂಡು ಗಂಜಿ ಹಾಕುತ್ತಿದ್ದಾಗ ಕುತ್ತಿಗೆಯ ದೊಡ್ಡ ರಕ್ತನಾಳ ಒಡೆಯಿತು. ನಲ್ಲಿ ಬಿಚ್ಚಿದಂತೆ ರಕ್ತ ಗೋಡೆಗೆ ಚಿಮ್ಮಿತು. ರಂಗಸ್ವಾಮಿ ಅಂಗೈ ಒತ್ತಿ ಹಿಡಿದ, ಬೆರಳ ಸಂದಿಯಿಂದ ಬಂತು. ಟವಲು ಒತ್ತಿದ, ಟವಲು ತೊಯ್ದುಹೋಯಿತು. ಬಂಡೆ ಸೀಳುವ ತೋಳಿನ ಬಲವನ್ನೆಲ್ಲ ಹಾಕಿ ಒತ್ತಿದರೂ ಅದು ನಿಲ್ಲಲಿಲ್ಲ. ಅವಳು ಅವನ ಮಣಿಕಟ್ಟನ್ನು ಹಿಡಿದುಕೊಂಡೇ ಇದ್ದಳು, ಹಿಡಿತ ಸಡಿಲವಾಯಿತು. ಓಡಿ ಬಂದ ನೆರೆಯವರಿಗೆ ಇಬ್ಬರಲ್ಲಿ ಯಾರ ಪ್ರಾಣ ಹೋಗಿದೆಯೆಂದು ತಿಳಿಯಲಿಲ್ಲ, ಅಷ್ಟು ರಕ್ತ ಇಬ್ಬರ ಮೈಮೇಲೂ ಇತ್ತು.

ಮಣ್ಣು ಮಾಡುವಾಗ ಸೋಮಮ್ಮನ ತಮ್ಮ ಗಣೇಶ ಗುಂಡಿಯ ಅಂಚಿನಲ್ಲಿ ಅಡ್ಡ ನಿಂತ.

"ಆ ಕೈಲಿ ಮಣ್ ಆಕ್ಬ್ಯಾಡ ಬಾವ," ಅಂದ. "ನೀನ್ ಒಡ್ದ್ ಜಾಗದಲ್ಲೇ ಗಂಟ್ ಎದ್ದುದ್ದು. ನನ್ನಕ್ಕನ್ನ ಕೊಂದೋನು ನೀನೇ ಕಣ."

ರಂಗಸ್ವಾಮಿ ಅವನ ಮೇಲೆ ಬಿದ್ದ. ಇಬ್ಬರೂ ತೆಗೆದ ಮಣ್ಣಿನ ಗುಡ್ಡೆಯ ಮೇಲೆ ಉರುಳಾಡಿದರು. ಗಣೇಶ ಗುದ್ದಲಿ ಕಾವಿನಿಂದ ಅವನ ಹಣೆ ಒಡೆದ, ಅವನು ಗಣೇಶನ ಕಿವಿ ಹರಿಯುವ ಹಾಗೆ ಕಚ್ಚಿದ. ಜನ ಬಿಡಿಸುವಷ್ಟರಲ್ಲಿ ಒಂದು ಕಡೆ ಗುಂಡಿಯೇ ಕುಸಿದಿತ್ತು. ಮೇಘನಾ ಇಬ್ಬರ ಕಡೆಗೂ ನೋಡದೆ ಅವ್ವನ ಮೇಲೆ ತಾನೇ ಮೊದಲ ಹಿಡಿ ಮಣ್ಣು ಹಾಕಿದಳು. ಮಾರನೆಯ ದಿನ ಚಾಮರಾಜನಗರದಲ್ಲಿ ಕೆಲಸದ ಹುಡುಗಿಯರಿರುವ ಹಾಸ್ಟೆಲಿಗೆ ಹೊರಟುಹೋದಳು.

ಆಮೇಲೆ ರಂಗಸ್ವಾಮಿಯ ತಲೆಯಲ್ಲಿ ಗಣೇಶನ ಮಾತೊಂದೇ ಸುತ್ತುತ್ತಿತ್ತು. ಕಲ್ಲಿಗೆ ಸಮ್ಮಟಿ ಬಿದ್ದ ಸದ್ದಿಗೆಲ್ಲ ಹಲ್ಲು ಮುರಿದ ಸದ್ದು ಕೇಳುತ್ತಿತ್ತು. ಕುಡಿತ ಹೆಚ್ಚಿತು. ಬಸ್ ಸ್ಟ್ಯಾಂಡಿನಲ್ಲಿ ಸುಮ್ಮನೆ ನೋಡಿದವನಿಗೂ ಹೊಡೆದ.

ಅದೇ ಊರಿನ ಮರಿಯಪ್ಪ ಚಾಮರಾಜನಗರದ ಹೊರವಲಯದ ಒಂದು ಸಂಶೋಧನಾ ಕೇಂದ್ರದಲ್ಲಿ ಜೀಪು ಓಡಿಸುತ್ತಿದ್ದ. ಮೈಸೂರಿನ ಆಸ್ಪತ್ರೆಯಿಂದ ಐಸ್ ಡಬ್ಬಿಯಲ್ಲಿ ಗಡ್ಡೆಯ ಚೂರುಗಳನ್ನು ತಂದುಕೊಡುವುದು ಅವನ ಕೆಲಸ. ಸೋಮಮ್ಮನ ಆಪರೇಷನ್ನಿನ ದಿನ ಅವನು ಅಲ್ಲೇ ಇದ್ದ, ಮೇಘನಾಳನ್ನು ನೋಡಿದ್ದ. ಒಂದು ದಿನ ಇಬ್ಬರೂ ಕುಡಿಯುತ್ತ ಕೂತಿದ್ದಾಗ ಅವನ ಬಾಯಿ ಜಾರಿತು.

"ನಿನ್ನೆಂಡ್ರು ಪೂರಾ ಸತ್ತಿಲ್ಲ ಕಣ್ಲಾ ರಂಗ. ದವಡೆ ಚೂರು ನಮ್ ಲ್ಯಾಬ್ನಲ್ಲಿ ಇನ್ನೂ ಬೆಳಿತಾ ಅದ."

ರಂಗಸ್ವಾಮಿ ಅವನಿಗೆ ಹೊಡೆಯಲಿಲ್ಲ. ಎದ್ದು ಮನೆಗೆ ಹೋದ. ಬೆಳಿಗ್ಗೆ ಸಮ್ಮಟಿಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಚಾಮರಾಜನಗರದ ಬಸ್ಸು ಹತ್ತಿದ. ಕುಡಿದಿರಲಿಲ್ಲ. ಯಾರೋ ತನ್ನ ಹೆಂಡತಿಯನ್ನು ಕದ್ದು ಅರ್ಧ ಜೀವದಲ್ಲಿ ಕೂಡಿಹಾಕಿದ್ದಾರೆ, ಬಿಡಿಸಿಕೊಂಡು ಬರಬೇಕು, ಇಷ್ಟೇ ಅವನಿಗೆ ಗೊತ್ತಿದ್ದುದು.

ಕೇಂದ್ರದ ವಾಚ್‌ಮನ್ನನ್ನು ಭುಜದಿಂದ ನೂಕಿ ಕೆಡವಿ ಒಳನುಗ್ಗಿದ. ಎರಡು ಗಾಜಿನ ಬಾಗಿಲು ಎರಡು ಏಟಿಗೆ ಉದುರಿದವು. ಒಳಗಿನ ಕೋಣೆಯಲ್ಲಿ ಪವಿತ್ರ ಒಬ್ಬಳೇ ಇದ್ದಳು. ಗುಂಡ್ಲುಪೇಟೆಯವಳು, ತಂದೆಗೆ ಪೇಟೆಯಲ್ಲಿ ಗೊಬ್ಬರದ ಅಂಗಡಿ. ಬಾಯಿ ಕ್ಯಾನ್ಸರಿನ ಜೀವಕೋಶಗಳನ್ನು ಬೆಳೆಸಿ, ಅವುಗಳ ಮೇಲೆ ಔಷಧಿ ಪರೀಕ್ಷಿಸುವುದು ಅವಳ ಸಂಶೋಧನೆ. ಗಡ್ಡೆಯ ಚೂರನ್ನು ಸಣ್ಣಗೆ ಕತ್ತರಿಸಿ, ಗುಲಾಬಿ ಬಣ್ಣದ ಪೋಷಕ ದ್ರವದಲ್ಲಿಟ್ಟು, ಮೈಬಿಸಿಯಷ್ಟೇ ಕಾವಿರುವ ಪೆಟ್ಟಿಗೆಯಲ್ಲಿ ಕಾಪಾಡಬೇಕು. ಹೆಚ್ಚಿನವು ಸಾಯುತ್ತವೆ. ಅಪರೂಪಕ್ಕೆ ಒಂದು ನೆಲೆ ಕಚ್ಚಿ ಬೆಳೆಯುತ್ತದೆ.

"ನನ್ನೆಂಡ್ರು ಎಲ್ಲವ್ಳೆ?" ಅಂದ ರಂಗಸ್ವಾಮಿ.

ಅವಳಿಗೆ ಏನೂ ಅರ್ಥವಾಗಲಿಲ್ಲ. ಅವನು ಮೇಜಿನ ಮೇಲಿದ್ದ ಮೈಕ್ರೋಸ್ಕೋಪನ್ನು ಪುಡಿ ಮಾಡಿದ. ಗಾಳಿ ಶುದ್ಧ ಮಾಡುವ ಗೂಡಿನ ಗಾಜು ಒಡೆದ. ಪೆಟ್ಟಿಗೆಯ ಕಡೆ ತಿರುಗಿದಾಗ ಅವಳು ಅದಕ್ಕೆ ಬೆನ್ನು ಕೊಟ್ಟು ನಿಂತು, ಬೇಡ, ಬೇಡ, ಒಳಗೆ ಜೀವ ಇದೆ ಅಂದಳು. ಆ ಒಂದು ಮಾತನ್ನು ಅವಳು ಆಡಬಾರದಿತ್ತು. ಸಮ್ಮಟಿ ಬೀಸಿ ಬಂತು. ಅವಳು ತಲೆ ತಪ್ಪಿಸಿದಳು, ಅಡ್ಡ ಹಿಡಿದಿದ್ದ ಬಲಗೈ ಸಿಕ್ಕಿಕೊಂಡಿತು. ಕಬ್ಬಿಣದ ಬಾಗಿಲಿಗೂ ಸಮ್ಮಟಿಗೂ ನಡುವೆ ಮಣಿಕಟ್ಟು ನಜ್ಜುಗುಜ್ಜಾಯಿತು. ಬಿಳಿ ಕೋಟಿನ ತೋಳನ್ನು ಚುಚ್ಚಿಕೊಂಡು ಮೂಳೆ ಹೊರಬಂತು. ಅವಳು ಸದ್ದಿಲ್ಲದೆ ಜಾರಿ ಕೂತಳು.

ಅವನು ಅವಳನ್ನು ದಾಟಿ ಪೆಟ್ಟಿಗೆ ಒಡೆದು ತೆಗೆದ. ಒಳಗೆ ತಟ್ಟೆಗಳು, ಚಪ್ಪಟೆ ಸೀಸೆಗಳು. ಎಲ್ಲವನ್ನೂ ನೆಲಕ್ಕೆ ಎಳೆದ. ಗುಲಾಬಿ ನೀರು ಹರಿದು ಪವಿತ್ರಳ ರಕ್ತಕ್ಕೆ ಸೇರಿತು. ಅವನು ಮಂಡಿಯೂರಿ ಒಂದೊಂದೇ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದ. ಮಾಂಸವಿರಲಿಲ್ಲ, ದವಡೆ ಇರಲಿಲ್ಲ, ಕೂದಲೆಳೆಯಷ್ಟು ಗುರುತೂ ಇರಲಿಲ್ಲ, ಬರೀ ನೀರು. ಅವನು ಅಂಗೈಯಿಂದ ನೆಲವನ್ನು ತಡವುತ್ತಿದ್ದಾಗ ಕೇಂದ್ರದ ಜನ ಬಂದು ಮೇಲೆ ಬಿದ್ದರು. ಕುರ್ಚಿಯಿಂದ, ಬೂಟುಕಾಲಿನಿಂದ, ಬೆಂಕಿ ಆರಿಸುವ ಸಿಲಿಂಡರಿನಿಂದ ಸಾಯಬಡಿದರು. ಪೊಲೀಸರು ಬಂದಾಗ ಅವನ ಒಂದು ಕಣ್ಣು ಮುಚ್ಚಿಹೋಗಿತ್ತು. ಠಾಣೆಯಲ್ಲಿ ಉಳಿದದ್ದೂ ಆಯಿತು.

ಜೈಲಿಗೆ ಮೇಘನಾ ಬಹಳ ದಿನ ಬರಲಿಲ್ಲ. ಬಂದಾಗ ಕಂಬಿಯ ಆಚೆ ನಿಂತೇ ಮಾತಾಡಿದಳು.

"ಅವ್ವನ್ನ ಯಾರೂ ಕದ್ದಿಲ್ಲ. ಅವ್ವನೇ ಕೊಟ್ಟಿದ್ದು."

ಆಪರೇಷನ್ನಿನ ಹಿಂದಿನ ದಿನ ಪವಿತ್ರ ವಾರ್ಡಿಗೆ ಬಂದು, ಕೊಯ್ದು ತೆಗೆಯುವ ಗಡ್ಡೆಯಲ್ಲಿ ಒಂದು ಚೂರನ್ನು ಕೊಡುತ್ತೀರಾ ಎಂದು ಕೇಳಿದ್ದಳಂತೆ. ಬೇಡ ಅಂದರೂ ಚಿಕಿತ್ಸೆಗೆ ತೊಂದರೆಯಿಲ್ಲ ಎಂದು ಎರಡೆರಡು ಸಲ ಹೇಳಿದ್ದಳಂತೆ. ಸೋಮಮ್ಮ ಆಗ ಇನ್ನೂ ಮಾತಾಡುತ್ತಿದ್ದಳು. ಕೊಯ್ದು ಬಿಸಾಕುವುದನ್ನು ಯಾರಾದರೂ ನೋಡಲಿ ಬಿಡು, ನಾಳೆ ಇನ್ನೊಬ್ಬಳಿಗೆ ಬಂದರೆ ಗೊತ್ತಾಗುತ್ತದೆ ಅಂದಳಂತೆ.

"ನಂಗ್ಯಾಕ್ ಏಳ್ಳಿಲ್ಲ?" ಅಂದ ರಂಗಸ್ವಾಮಿ.

"ಏಳುದ್ರೆ ಯಾರಿಗಾರ ಒಡಿತಾನೆ, ಏಳ್ಬ್ಯಾಡ ಅಂದ್ಲು. ಕೊನೆಗೂ ಒಡ್ದೇಬುಟ್ಟೆ."

ಅವಳು ಹೋದ ಮೇಲೆ ರಂಗಸ್ವಾಮಿ ತನ್ನ ಬಲಗೈಯನ್ನು ಗೋಡೆಗೆ ಗುದ್ದಿದ. ಬೆರಳ ಗೆಣ್ಣುಗಳ ಚರ್ಮ ಸುಲಿದು, ಜೊತೆಯಲ್ಲಿದ್ದವರು ಹಿಡಿದು ಕೆಡವುವ ತನಕ ಗುದ್ದುತ್ತಲೇ ಇದ್ದ.

ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡ. ಸಾಕ್ಷಿ ಹೇಳಲು ಕರೆಸಿದ್ದರಿಂದ ಪವಿತ್ರಳೂ ಆ ದಿನ ಬಂದಿದ್ದಳು. ಮೂರು ಸಲ ಆಪರೇಷನ್ ಆದರೂ ಅವಳ ಬಲಗೈ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಆವರಣದಲ್ಲಿ ಪೊಲೀಸರ ನಡುವೆ ಕೂತಿದ್ದ ಅವನು ಅವಳನ್ನು ಕಂಡು ಎದ್ದು ನಿಂತ. ಕ್ಷಮೆ ಕೇಳುತ್ತಾನೆಂದು ಪೊಲೀಸರು ಸುಮ್ಮನಿದ್ದರು. ಅವನು ಬೇರೆಯದನ್ನೇ ಕೇಳಿದ.

"ಅವ್ಳು ಇನ್ನೂ ಬದ್ಕವ್ಳಾ ಮೇಡಮ್ಮೋರೆ? ಎಲ್ಲಾನೂ ನಾನೇ ಸಾಯಿಸ್ಬುಟ್ನಾ?"

ಪವಿತ್ರಳ ಮುಖ ಕೆಂಪೇರಿತು. "ನಿಮ್ಮ ಹೆಂಡ್ತಿ ಯಾವತ್ತೂ ಅಲ್ಲಿರಲಿಲ್ಲ. ಅವರನ್ನ ಕೊಂದದ್ದು ಅಲ್ಲಿತ್ತು. ಅದು ಈಗ್ಲೂ ಇದೆ, ಇನ್ನೊಂದು ಕೋಣೇಲಿ ಕೊರೆಯೋ ತಣ್ಣಗಿನ ಕ್ಯಾನಲ್ಲಿ. ನೀವು ಸಾಯಿಸಿದ್ದು ಬೇರೆಯವರು ಕೊಟ್ಟಿದ್ದನ್ನ." ಅಷ್ಟು ಹೇಳಿ ತಿರುಗಿ ಹೋದಳು.

ಎರಡು ವರ್ಷದ ಶಿಕ್ಷೆಯಾಯಿತು. ಒಳಗೆ ಅವನು ಆ ಮಾತನ್ನು ಅಗಿಯುತ್ತ ಕಳೆದ. ಅವಳನ್ನು ಕೊಂದದ್ದು ಇನ್ನೂ ಬದುಕಿದೆ. ಮೊದಲು ಸಿಟ್ಟು ಬಂತು, ಅದನ್ನು ಯಾಕೆ ಸಾಕಬೇಕು ಎಂದು. ಆಮೇಲೆ ಅದರ ಮುಖ ನೋಡಬೇಕು ಎನಿಸಿತು.

ಬಿಡುಗಡೆಯಾದ ಮೇಲೆ ಕೇಂದ್ರದ ಗೇಟಿಗೆ ಹೋಗಿ ಕೈ ಕಟ್ಟಿ ನಿಂತ. ವಾಚ್‌ಮನ್ ಪೊಲೀಸರಿಗೆ ಫೋನು ಮಾಡಲು ಹೊರಟ. ಪವಿತ್ರ ಬೇಡ ಅಂದಳು. ಅವಳಿಗೆ ಕನಿಕರವೇನೂ ಇರಲಿಲ್ಲ. ಸೋಮಮ್ಮ ಹೊಗೆಸೊಪ್ಪು ಬಳಸುತ್ತಿದ್ದ ಬಗೆ ಅವಳ ಸಂಶೋಧನೆಗೆ ಬೇಕಿತ್ತು, ಮೇಘನಾಳಿಗೆ ಪೂರ್ತಿ ಗೊತ್ತಿರಲಿಲ್ಲ. ಗೊತ್ತಿದ್ದವನು ಇವನೊಬ್ಬನೇ. ಇಬ್ಬರು ಸೆಕ್ಯುರಿಟಿಯವರನ್ನು ಅವನ ಎರಡು ಪಕ್ಕಕ್ಕೆ ನಿಲ್ಲಿಸಿ, ಹೊಸ ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು. ಸೀಸೆಯನ್ನು ಎಡಗೈಯಿಂದ ಇಟ್ಟಳು.

ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಂಡಿತು. ಒತ್ತೊತ್ತಾಗಿ ಹಾಸಿದ ಜಲ್ಲಿಯಂತೆ ಮೊನಚು ಮೂಲೆಗಳ ಆಕಾರಗಳು, ಒಂದರ ಮೇಲೊಂದು ನುಗ್ಗಿ ಜಾಗ ಕಿತ್ತುಕೊಂಡು ಬೆಳೆದಿದ್ದವು. ಕಣ್ಣಿಲ್ಲ, ಬಾಯಿಲ್ಲ. ಇವು ‘ಸಾಕು’ ಅನ್ನುವುದನ್ನು ಮರೆತ ಜೀವಕೋಶಗಳು, ಪಕ್ಕದವರನ್ನು ತಳ್ಳಿ ಹೊಟ್ಟೆ ತುಂಬಿಸಿಕೊಳ್ಳುವುದೊಂದೇ ಇವಕ್ಕೆ ಗೊತ್ತು ಅಂದಳು ಪವಿತ್ರ. ಅವನ ಕೈ ಮೇಜಿನ ಮೇಲೆ ಮುಷ್ಟಿಯಾಯಿತು. ಸೆಕ್ಯುರಿಟಿಯವನು ಅವನ ಭುಜ ಹಿಡಿದ.

"ಇದ್ನ ಸಾಯ್ಸಿ," ಅಂದ.

ಅವಳು ಇನ್ನೊಂದು ಸೀಸೆ ಇಟ್ಟಳು. ಅದಕ್ಕೆ ಸೋಮಮ್ಮನಿಗೆ ಕೊಟ್ಟ ಔಷಧಿಯನ್ನೇ ಹಾಕಿದ್ದರು. ಬಹಳಷ್ಟು ಕೋಶಗಳು ಸುಕ್ಕುಗಟ್ಟಿ, ಸಿಡಿದು, ಚೂರಾಗಿ ತೇಲುತ್ತಿದ್ದವು. ನಡುವೆ ಅಲ್ಲಲ್ಲಿ ಒಂದೊಂದು ಗುಂಪು ನೆಲಕ್ಕೆ ಅಂಟಿಕೊಂಡು ಹಾಗೆಯೇ ಉಳಿದಿತ್ತು. ಕುತ್ತಿಗೆಯಲ್ಲಿ ಮತ್ತೆ ಎದ್ದು ಬಂದದ್ದು ಇಂಥವೇ ಇರಬೇಕು, ಇವು ಯಾಕೆ ಸಾಯುವುದಿಲ್ಲ ಎಂಬುದನ್ನೇ ತಾನು ಹುಡುಕುತ್ತಿರುವುದು ಎಂದಳು. ಎರಡು ಔಷಧಿ ಸೇರಿಸಿದರೆ ಇನ್ನಷ್ಟು ಸಾಯುತ್ತವೆ, ಆದರೆ ಸೀಸೆಯಲ್ಲಿ ಸತ್ತದ್ದು ಮನುಷ್ಯರ ಮೈಯಲ್ಲೂ ಸಾಯುತ್ತದೆ ಎಂದು ಹೇಳಲಾಗದು, ಅದಕ್ಕೆ ಇನ್ನೂ ವರ್ಷಗಳು ಬೇಕು.

ಆಮೇಲೆ ಅವಳ ಸರದಿ. ಹೊಗೆಸೊಪ್ಪನ್ನು ಯಾವ ಕಡೆ ಇಟ್ಟುಕೊಳ್ಳುತ್ತಿದ್ದರು ಎಂದಳು. ಎಡಗಡೆ ಅಂದ. ಯಾವಾಗಲೂ ಅಲ್ಲೇ ಯಾಕೆ ಎಂದಳು.

"ನಾನ್ ಒಡ್ದು ಆ ಕಡೆ ದವಡೆ ಅಲ್ಲು ಮುರ್ದಿತ್ತು. ನೋವ್ಗೆ ಇಟ್ಕತಿದ್ಲು." ನಿಧಾನವಾಗಿ ತಲೆಯೆತ್ತಿದ. "ನಾನ್ ಒಡ್ದುದ್ಕೇ ಬಂತಾ?"

ಪವಿತ್ರ ಅವನ ಕೈಯನ್ನು ನೋಡಿದಳು. ಅವನನ್ನು ಉಳಿಸುವ ಮಾತನ್ನೂ ಆಡಬಹುದಿತ್ತು, ಮುಳುಗಿಸುವ ಮಾತನ್ನೂ ಆಡಬಹುದಿತ್ತು.

"ಒಂದು ಏಟಿಂದ ಕ್ಯಾನ್ಸರ್ ಬರಲ್ಲ," ಅಂದಳು. "ಹೊಗೆಸೊಪ್ಪಿಂದ ಬರುತ್ತೆ. ಮುರಿದ ಹಲ್ಲು ಉಜ್ಜೋ ಜಾಗದಲ್ಲಿ ಹಗಲೂ ರಾತ್ರಿ ಹೊಗೆಸೊಪ್ಪು ಕೂತಿದ್ರೆ ಏನಾಗುತ್ತೆ ಅಂತ ನಾನು ಯೋಚನೆ ಮಾಡಬಲ್ಲೆ. ನೀವೂ ಮಾಡಬಹುದು. ನಿಮಗೇನೂ ಸಂಬಂಧ ಇಲ್ಲ ಅಂತ ನಾನು ಹೇಳಲ್ಲ."

ಅವನು ಎದ್ದು ಕೈಮುಗಿದ. ಅವಳು ಮುಗಿಯಲಿಲ್ಲ.

ಗೇಟಿನಿಂದ ನೇರ ಬಸ್ ಸ್ಟ್ಯಾಂಡಿಗೆ ಹೋಗಿ ಗುಂಡ್ಲುಪೇಟೆ ಬಸ್ಸು ಹತ್ತಿದ, ಅಲ್ಲಿಂದ ಭೀಮನಬೀಡಿಗೆ. ಗಣೇಶ ಮನೆಯ ಮುಂದೆ ಟ್ರಾಕ್ಟರಿನ ನೇಗಿಲು ಬಿಚ್ಚುತ್ತಿದ್ದ. ಹರಿದ ಕಿವಿ ಗಂಟುಗಂಟಾಗಿ ವಾಸಿಯಾಗಿತ್ತು. ರಂಗಸ್ವಾಮಿ ಜಗಲಿಯ ಕೆಳಗೆ ನಿಂತು, ಮೇಘನಾಳ ಮದುವೆಯ ಜಗಳ, ಮುಷ್ಟಿ, ಹಲ್ಲು, ಹೊಗೆಸೊಪ್ಪು, ಎಲ್ಲವನ್ನೂ ಹೇಳಿದ. ಸೋಮಮ್ಮನ ತಾಯಿ ಬಾಗಿಲಲ್ಲಿ ಕೂತು ಕೇಳಿಸಿಕೊಂಡಳು.

"ನೀನ್ ಏಳಿದ್ದು ದಿಟ ಕಣ ಗಣೇಸ," ಅಂದ. "ಪೂರಾ ಅಲ್ದಿದ್ರೂ ದಿಟ."

ಗಣೇಶನ ಕೈಯಲ್ಲಿ ಸ್ಪ್ಯಾನರ್ ಇತ್ತು. ಮೊದಲ ಏಟು ಭುಜಕ್ಕೆ ಬಿತ್ತು, ಎರಡನೆಯದು ತಲೆಗೆ. ರಂಗಸ್ವಾಮಿ ನೆಲಕ್ಕೆ ಬಿದ್ದರೂ ಕೈ ಎತ್ತಲಿಲ್ಲ. ತಲೆಯನ್ನೂ ಮರೆಮಾಡಿಕೊಳ್ಳಲಿಲ್ಲ. ಅದನ್ನು ಕಂಡು ಗಣೇಶನಿಗೆ ಇನ್ನೂ ರೇಗಿತು, ಕಾಲಿನಿಂದ ಒದ್ದ. ಮುದುಕಿ ಬಾಗಿಲಿನಿಂದ ಎದ್ದು ಬಂದು ಮಗನ ತೋಳಿಗೆ ಜೋತುಬಿದ್ದಾಗಲೇ ಅವನು ನಿಲ್ಲಿಸಿದ್ದು. ಆಮೇಲೆ ಅವನೇ ಆಟೋ ತರಿಸಿ ಗುಂಡ್ಲುಪೇಟೆ ಆಸ್ಪತ್ರೆಗೆ ಸಾಗಿಸಿದ. ಮೇಘನಾಳಿಗೆ ಫೋನು ಮಾಡಿದವನೂ ಅವನೇ.

ಪೊಲೀಸಿನವನು ಕೇಳಿದಾಗ ರಂಗಸ್ವಾಮಿ, ನೇಗಿಲಿನ ಮೇಲೆ ಬಿದ್ದೆ ಎಂದು ಬರೆಸಿದ.

ಸಾಯಂಕಾಲ ಮೇಘನಾ ಫ್ಯಾಕ್ಟರಿಯ ಸಮವಸ್ತ್ರದಲ್ಲೇ ಬಂದಳು. ಅಪ್ಪನ ತಲೆಗೆ ಅದುಮಿದ್ದ ಬಟ್ಟೆ ನೆನೆದು ರಕ್ತ ಕುತ್ತಿಗೆಗೆ ಇಳಿಯುತ್ತಿತ್ತು. ಅವನು ಅವಳನ್ನು ನೋಡಿ ಏಳಲು ಹೋದ. ಅವಳು ಎದೆಗೆ ಕೈ ಇಟ್ಟು ಮಲಗಿಸಿದಳು.

"ಮನ್ನಿಸಕ್ ಬಂದಿಲ್ಲ ಅಪ್ಪ," ಅಂದಳು. "ತಲೆಗೆ ಒಲಿಗೆ ಆಕ್ಸಕ್ ಬಂದಿವ್ನಿ."

ಡಾಕ್ಟರು ಹೊಲಿಯುವಾಗ ತಲೆ ಅಲುಗಾಡದಂತೆ ಯಾರಾದರೂ ಹಿಡಿಯಬೇಕಿತ್ತು. ಮೇಘನಾ ಎರಡು ಕೈಯಲ್ಲೂ ಅವನ ದವಡೆಯನ್ನು ಒತ್ತಿ ಹಿಡಿದಳು. ಸೂಜಿ ಒಳಗೆ ಹೋದಾಗಲೆಲ್ಲ ಅವನು ನಡುಗಿದ, ಅವಳು ಹಿಡಿತ ಬಿಗಿ ಮಾಡಿದಳು. ಮುಗಿದ ಮೇಲೆ ಕೈ ತೊಳೆದುಕೊಂಡು ಬಂದು, ನಾಳೆ ಬೆಳಗಿನ ಬಸ್ಸಿಗೆ ಬರುತ್ತೇನೆ, ಅಲ್ಲಿತನಕ ಇಲ್ಲೇ ಇರು ಎಂದು ಹೇಳಿ ಹೋದಳು. ಅವನು ಇದ್ದ.